ಮನೆ ನೋಡಲು ಹೋದ ಕಪ್ಪು ಕನ್ನಡಕಗಳು

ಈ ಬೇಸಿಗೆಯಲ್ಲಿ ಸೂರ್ಯ ಊರವರ ಕಣ್ಣನ್ನೆಲ್ಲ ಕುಕ್ಕಲಿ, ನಮ್ಮ ಮನೆಯವರ ಒಂದೇ ಒಂದು ರೆಪ್ಪೆಗೂದಲನ್ನೂ ಮುಟ್ಟಲು ಬಿಡುವುದಿಲ್ಲ! ಹೀಗೆಂದು ನಾನು ಶಪಥ ಮಾಡಿದ್ದು ಯುಗಾದಿ ಕಳೆದ ವಾರ, ಅಡುಗೆಮನೆಯಲ್ಲಿ. ಆಗ ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ, ಕಣ್ಣಿಂದ ಧಾರಾಕಾರ ನೀರು ಸುರಿಯುತ್ತಿತ್ತು. ಮುಂದಾಗುವುದರ ಸೂಚನೆ ಅದರಲ್ಲೇ ಇತ್ತು. ನನಗೆ ತಿಳಿಯಲಿಲ್ಲ.

ಶಪಥ ಮಾಡಲು ನನಗೆ ಅರ್ಹತೆಯೇನೂ ಕಡಿಮೆಯಿರಲಿಲ್ಲ. ಮೂಡಲಗಿಯಲ್ಲಿ ಬಿ.ಎಸ್ಸಿ. ಓದುವಾಗ ‘ಅತಿನೇರಳೆ ಕಿರಣ ಮತ್ತು ಮಾನವನ ಕಣ್ಣು’ ಎಂಬ ವಿಷಯದ ಮೇಲೆ ಭಾಷಣ ಮಾಡಿ ಸ್ಟೀಲ್ ಡಬ್ಬಿ ಗೆದ್ದವಳು ನಾನು! ಮದುವೆಯಾಗಿ ಮೇಲವಂಕಿಗೆ ಬಂದ ಮೇಲೆ ಅತ್ತೆ ಅಲ್ಲವ್ವ ಆ ಡಬ್ಬಿಗೆ ಖಾರದ ಪುಡಿ ತುಂಬಿಟ್ಟರು. ಈ ಮನೆಯಲ್ಲಿ ನನ್ನ ವಿಜ್ಞಾನಕ್ಕೆ ಸಿಕ್ಕ ಸ್ಥಾನ ಅದು.

ಸೂರ್ಯನೊಡನೆ ಕಾದಾಡುವ ಅವಕಾಶ ಬೇಗನೆ ಬಂತು. ನನ್ನ ನಾದಿನಿ ಮೇಘಾಳನ್ನು ಬೆಲ್ಲದ ಬಾಗೇವಾಡಿಯವರು ನೋಡಿ ಒಪ್ಪಿದ್ದರು. ಹುಡುಗ ದುಂಡೇಶ, ಬೋರ್‌ವೆಲ್ ಮೋಟರು ರಿಪೇರಿಯ ಅಂಗಡಿ ಇಟ್ಟವನು. ಮನೆಯಲ್ಲಿ ಹೊಲ, ಕುರಿ, ಆಡು ಎಲ್ಲ ಉಂಟು. ನಮ್ಮಲ್ಲಿ ಗಂಡಿನವರು ಹೆಣ್ಣನ್ನು ಒಪ್ಪಿದರೆ ಕೆಲಸ ಮುಗಿಯುವುದಿಲ್ಲ. ಹೆಣ್ಣಿನವರು ಗಂಡಿನ ಮನೆಗೆ ಹೋಗಿ ಮನೆ, ಹೊಲ, ಬಾವಿ, ದನಕರು ಎಲ್ಲವನ್ನೂ ಕಣ್ಣಾರೆ ನೋಡಿ ಬರಬೇಕು. ಇದಕ್ಕೆ ‘ಮನೆ ನೋಡುವುದು’ ಎಂದೇ ಹೆಸರು. ಹುಡುಗಿ ಮಾತ್ರ ಹೋಗುವಂತಿಲ್ಲ. ಆ ಮನೆಯಲ್ಲಿ ಬಾಳಬೇಕಾದವಳು ಅವಳೊಬ್ಬಳೇ ನೋಡಿ, ಅದಕ್ಕೆ!

ಈ ‘ನೋಡುವ’ ಕೆಲಸದಲ್ಲಿ ನಮ್ಮ ಮಾವ ಮಾಯಪ್ಪನವರನ್ನು ಮೀರಿಸುವವರಿಲ್ಲ. ಅರ್ಧ ಆಯುಷ್ಯ ಕುರಿ ಕಾಯ್ದವರು. ಅರ್ಧ ಮೈಲಿಯಾಚೆ ಕುಂಟುವ ಮರಿಯನ್ನು ಗುರುತಿಸುವ ಆ ಕಣ್ಣು ಈಗ ಗಂಡಿನ ಮನೆಗಳ ಮೇಲೆ ತಿರುಗಿತ್ತು. ದಡ್ಡಿ ಎಂಬ ಊರಿನ ಸಂಬಂಧ ಬಿದ್ದುಹೋದದ್ದು ಅವರ ಎಮ್ಮೆ ಮಾವನನ್ನು ನೋಡಿ ಮುಖ ತಿರುಗಿಸಿತೆಂದು. ಮೂಡಲಗಿಯ ಸಂಬಂಧ ಬಿದ್ದದ್ದು ಗೋಡೆಯ ಗಡಿಯಾರ ಹಿಂದೆ ಬಿದ್ದಿತ್ತೆಂದು. “ಹೊತ್ತ ಗೊತ್ತಿಲ್ಲದ ಮನಿ” ಎಂದು ಎದ್ದು ಬಂದಿದ್ದರು. ಗಡಿಯಾರದ ಸೆಲ್ ಹೋಗಿದೆ ಎಂದು ಆ ಬಡಪಾಯಿಗಳು ಬಾಗಿಲ ತನಕ ಬೆನ್ನು ಹತ್ತಿ ಹೇಳಿದರೂ ಕೇಳಲಿಲ್ಲ.

ಈ ಸಲ ಮೇಘಾಳಿಗೆ ಹುಡುಗ ಮನಸ್ಸಿಗೆ ಬಂದಿದ್ದ. ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಯಾರ ಬೋರ್‌ವೆಲ್ ಕೆಟ್ಟರೂ ಅವಳ ಮುಖ ಅರಳುತ್ತಿತ್ತು.

ಹೊರಡುವ ಹಿಂದಿನ ದಿನ ನಾನು ಗೋಕಾಕಿನ ಪೇಟೆಗೆ ಹೋಗಿ ನಾಲ್ಕು ಕಪ್ಪು ಕನ್ನಡಕ, ಒಂದು ಟ್ಯೂಬು ಸನ್‌ಸ್ಕ್ರೀನ್ ತಂದು ಪಡಸಾಲೆಯಲ್ಲಿ ಹರಡಿದೆ. ಪ್ರತಿ ಕನ್ನಡಕದ ಎಡಗಾಜಿನ ಮೂಲೆಯಲ್ಲಿ ‘ಯೂವಿ ೪೦೦’ ಎಂಬ ದುಂಡನೆಯ ಬಿಳಿ ಚೀಟಿ ಅಂಟಿತ್ತು.

“ಈ ಚೀಟಿ ಯಾರೂ ಕೀಳಬಾರದು! ಇದು ಅಸಲಿ ಅನ್ನೂದಕ್ಕ ಇದ ಸಾಕ್ಷಿ” ಎಂದು ಆಜ್ಞೆ ಹೊರಡಿಸಿದೆ.

ಆಜ್ಞೆ ಅನಗತ್ಯವಾಗಿತ್ತು. ಫ್ರಿಜ್ಜಿನ ಬಾಗಿಲಿನ ಪ್ಲಾಸ್ಟಿಕ್ಕನ್ನೇ ಆರು ವರ್ಷದಿಂದ ಕೀಳದ ಮನೆ ನಮ್ಮದು.

ಮಾವ ಕನ್ನಡಕವನ್ನು ಮರಿಯ ಕಿವಿ ಹಿಡಿದಂತೆ ಹಿಡಿದು ನೋಡಿದರು. “ಹುಟ್ಟಿದಾಗಿಂದ ಬಿಸಲಾಗ ಅಡ್ಡಾಡೇನಿ. ಸೂರ್ಯಾ ನನಗೇನೂ ಅಂದಿಲ್ಲ, ನಾನೂ ಅವ್ನಿಗೇನೂ ಅಂದಿಲ್ಲ. ಈಗ ಯಾಕ ನಡುವ ಜಗಳಾ ಹಚ್ಚಾಕತ್ತೀಯವ್ವಾ?”

“ಮಾವಾರ, ಅತಿನೇರಳೆ ಕಿರಣ ಕಣ್ಣಿಗೆ ಕಾಣೂದಿಲ್ಲರಿ. ಕಾಣದಂಗ ಬಂದ ಒಳಗಿಂದ ಕೆಡಸ್ತಾವು.”

“ಕಾಣದಂಗ ಬಂದ ಒಳಗಿಂದ ಕೆಡಸೂದಂದ್ರ ಸೊಸಿ ಇದ್ದಂಗ ಅನ್ನು!” ಅತ್ತೆ ಚಾ ಸೋಸುತ್ತಲೇ ಹೇಳಿದರು.

ನನ್ನ ಯಜಮಾನರು ಪ್ರಭು, ಸೊಸೈಟಿಯಲ್ಲಿ ಕ್ಲಾರ್ಕು. ಅವರಿಗೆ ಮೊದಲೇ ದಪ್ಪ ಗಾಜಿನ ಕನ್ನಡಕವಿದೆ. “ನಾ ಇದನ್ನ ಎಲ್ಲಿ ಹಾಕ್ಕೊಳ್ಳಿ?”

“ಅದರ ಮ್ಯಾಲ ಹಾಕ್ಕೋರಿ.”

“ಮೂಗಿಗೆ ಎರಡಂತಸ್ತಿನ ಪರವಾನಗಿ ಎಲ್ಲಿ ತಗೋಬೇಕ?”

ಮೇಘಾ ಮಾತ್ರ ನನ್ನನ್ನು ಅಡುಗೆಮನೆಗೆ ಎಳೆದೊಯ್ದಳು. “ವೈನಿ, ನೀ ಅಪ್ಪಾನ ಕಣ್ಣ ಕಾಯಾಕ ಹೊಂಟಿ. ಅಪ್ಪಾನ ಕಣ್ಣಿಂದ ನನ್ನ ಕಾಯಾವ್ರ ಯಾರ?” ಖಾರದ ಪುಡಿಯ ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚಿದಳು. “ಈ ಸಲಾನೂ ಬಿಟ್ಟ ಬಂದ್ರ ನಾ ಯಾರಿಗೂ ಏನೂ ಅನ್ನೂದಿಲ್ಲ. ಆದ್ರ ಇನ್ನೊಬ್ಬರ ಮುಂದ ಚಾ ಹಿಡಕೊಂಡ ಹೋಗಿ ನಿಂದ್ರೂದಿಲ್ಲ.”

“ನಾ ಇದ್ದೇನಿ” ಎಂದೆ, ಸೇನಾಪತಿಯಂತೆ. ಸೇನಾಪತಿಯ ಕೈಯಲ್ಲಿ ಸನ್‌ಸ್ಕ್ರೀನ್ ಟ್ಯೂಬಿತ್ತು.

ಮರುದಿನ ಬಾಡಿಗೆಯ ಕ್ರೂಸರ್ ಗಾಡಿ ಬಾಗಿಲಿಗೆ ಬಂತು. ಹೊರಡುವ ಮುನ್ನ ಎಲ್ಲರನ್ನೂ ಸಾಲಾಗಿ ಕೂರಿಸಿ ಕಣ್ಣಿನ ಸುತ್ತ, ರೆಪ್ಪೆಯ ಮೇಲೆ, ಹುಬ್ಬಿನ ಕೆಳಗೆ ಧಾರಾಳವಾಗಿ ಸನ್‌ಸ್ಕ್ರೀನ್ ಬಳಿದೆ. ‘ಕಣ್ಣಿನ ಹತ್ತಿರ ಹಚ್ಚಬೇಡಿ’ ಎಂದು ಟ್ಯೂಬಿನ ಮೇಲೆ ಬರೆದಿತ್ತಂತೆ. ಬರೆದಿದ್ದರೇನು, ಕಪ್ಪು ಕನ್ನಡಕ ಹಾಕಿಕೊಂಡವಳಿಗೆ ಅಷ್ಟು ಸಣ್ಣ ಅಕ್ಷರ ಕಾಣುತ್ತದೆಯೇ? ಮಾವನ ಕನ್ನಡಕದ ಕಡ್ಡಿಗಳು ತಲೆಗೆ ಸುತ್ತಿದ ರುಮಾಲಿನೊಳಗೆ ತೂರಲಿಲ್ಲ. ಹುರಿಹಗ್ಗ ಪೋಣಿಸಿ ತಲೆಯ ಹಿಂದೆ ಬಿಗಿಯಾಗಿ ಗಂಟು ಹಾಕಿದೆ. ಅತ್ತೆ ತಲೆಯ ಮೇಲಿನ ಸೆರಗಿನ ಮೇಲೇ ಕನ್ನಡಕವೇರಿಸಿ ವಾಹನದ ಕನ್ನಡಿಯಲ್ಲಿ ಮುಖ ನೋಡಿಕೊಂಡರು. ಮತ್ತೊಮ್ಮೆ ನೋಡಿಕೊಂಡರು. ಸೊಸೆಯ ವಿಜ್ಞಾನದ ಬಗ್ಗೆ ಅವರ ಅಭಿಪ್ರಾಯ ಕೊಂಚ ಸುಧಾರಿಸಿತೆಂದು ಕಾಣುತ್ತದೆ.

ಡ್ರೈವರ್ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಗೌರವದಿಂದ ದನಿ ತಗ್ಗಿಸಿ ಕೇಳಿದ: “ಯಾವ ದವಾಖಾನಿಗೆ ಹೋಗೂದ್ರಿ?”

ಅಲ್ಲಿಯೇ ವಾಪಸು ಇಳಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಗೋಕಾಕ ದಾಟುವವರೆಗೆ ಪ್ರಯಾಣ ಸುಖವಾಗಿತ್ತು. ಕಬ್ಬು ಕಡಿದ ಹೊಲಗಳ ಮೇಲೆ ಬಿಸಿಲು ತೆಳ್ಳನೆಯ ಪರದೆಯಂತೆ ಅಲುಗುತ್ತಿತ್ತು. ರಸ್ತೆ ಬದಿಯ ಗುಲ್‌ಮೊಹರ್ ಮರಗಳು ತಮ್ಮ ಕೆಂಪನ್ನೆಲ್ಲ ಒಮ್ಮೆಗೇ ಖರ್ಚು ಮಾಡಿಕೊಂಡು ನಿಂತಿದ್ದವು. ಆ ಕೆಂಪು ಕಪ್ಪು ಗಾಜಿನೊಳಗಿಂದ ಕಂದಾಗಿ ಕಾಣುತ್ತಿತ್ತು. ಆದರೇನು, ಕಣ್ಣು ಸುರಕ್ಷಿತವಾಗಿತ್ತಲ್ಲ!

ಘಟಪ್ರಭೆ ದಾಟಿದ ಮೇಲೆ ಬೆವರು ಶುರುವಾಯಿತು. ಹಣೆಯ ಬೆವರು ಹುಬ್ಬಿಗೆ ಇಳಿಯಿತು. ಹುಬ್ಬಿನ ಬೆವರು ಸನ್‌ಸ್ಕ್ರೀನನ್ನು ಕೈಹಿಡಿದು ನಡೆಸಿಕೊಂಡು ಕಣ್ಣಿನೊಳಗೆ ಬಂತು.

ಮೊದಲು ಅತ್ತೆ ಕೂಗಿದರು. “ಯವ್ವಾ, ಕಣ್ಣಾಗ ಮೆಣಸಿನಪುಡಿ ಬಿದ್ದಂಗ ಆಗಾಕತ್ತೈತಿ!”

“ಅದು ಕೆಲಸ ಮಾಡಾಕತ್ತೈತಿ ಅಂತ ಅರ್ಥರಿ ಅತ್ತಿ” ಎಂದೆ. ನನ್ನ ಕಣ್ಣುಗಳೂ ಆಗ ಭಯಂಕರವಾಗಿ ಕೆಲಸ ಮಾಡುತ್ತಿದ್ದವು.

ಯಜಮಾನರು ಎರಡೂ ಅಂತಸ್ತು ತೆಗೆದು ಒರೆಸಿಕೊಂಡರು. ಒರೆಸಿದಷ್ಟೂ ಸನ್‌ಸ್ಕ್ರೀನ್ ಒಳಗೆ ಹೋಯಿತು. “ಅರ್ಚನಾ, ಸೂರ್ಯಾ ಆಗಿದ್ರ ಒಂದಿಷ್ಟ ನಿಧಾನ ಕೊಲ್ಲತಿದ್ದ ನೋಡ.”

ಬಾಗೇವಾಡಿಯ ಅಗಸೆಬಾಗಿಲು ಕಾಣುವ ಹೊತ್ತಿಗೆ ನಾಲ್ವರ ಕಣ್ಣೂ ಕೆಂಪು ದಾಸವಾಳ. ನೀರು ನಿಲ್ಲುತ್ತಲೇ ಇರಲಿಲ್ಲ. ಆಗ ನನ್ನ ಬುದ್ಧಿ ಮತ್ತೊಮ್ಮೆ ಮಿಂಚಿತು. “ಯಾರೂ ಚಸ್ಮಾ ತಗೀಬ್ಯಾಡ್ರಿ! ಒಳಗಿನ ಕೆಂಪು ಬೀಗರಿಗೆ ಕಾಣಬಾರದು.”

ಮಾವನಿಗೆ ಈ ಆಜ್ಞೆಯ ಅಗತ್ಯವಿರಲಿಲ್ಲ. ಅವರ ಗಂಟು ಬೆವರಿಗೆ ನೆನೆದು ಬಿಗಿದುಕೊಂಡು ಮಾನವಮಾತ್ರದವರಿಗೆ ಬಿಚ್ಚಲಾಗದ ಸ್ಥಿತಿ ತಲುಪಿತ್ತು.

ಬಾಗಿಲಲ್ಲಿ ಹುಡುಗನ ತಾಯಿ ದ್ರಾಕ್ಷಾಯಿಣಿ, ಕಾಲು ತೊಳೆಯಲು ನೀರಿನ ತಂಬಿಗೆ ಹಿಡಿದು ನಗುತ್ತ ಬಂದವರು, ನಮ್ಮನ್ನು ಕಂಡದ್ದೇ ಗಕ್ಕನೆ ನಿಂತರು. ತಂಬಿಗೆಯನ್ನು ದೂರದ ಮೆಟ್ಟಿಲ ಮೇಲೆ ಇಟ್ಟು, ಬಾಗಿಲ ಚೌಕಟ್ಟಿಗೆ ಹೇಳಿದರು: “ಬರ್ರಿ, ಬರ್ರಿ, ಆರಾಮ ಇದ್ದೀರಿಲ್ರಿ?”

ಹುಡುಗನ ತಂದೆ ಪರಪ್ಪನವರು ಮಾವನಿಗೆ ನಮಸ್ಕಾರ ಮಾಡಿದರು. ಅವರ ಕಣ್ಣು ಮಾತ್ರ ಛಾವಣಿಯ ಫ್ಯಾನಿನ ಮೇಲಿತ್ತು. ದುಂಡೇಶ ಬಂದು ಕೈಮುಗಿದು ತಾಯಿಯ ಸನ್ನೆಗೆ ಹೊರಗೆ ಹೋದ. ಜಮಖಾನೆಯ ಈ ತುದಿಯಲ್ಲಿ ನಾವು, ಆ ತುದಿಯಲ್ಲಿ ಅವರು. ನಡುವೆ ಎರಡು ಎತ್ತಿನಗಾಡಿ ಹೋಗುವಷ್ಟು ಜಾಗ.

ನಾನಂತೂ ಉಬ್ಬಿಹೋದೆ. ಎಂಥ ಮರ್ಯಾದಸ್ಥ ಜನ! ಕಣ್ಣೆತ್ತಿ ನೋಡುವುದಿಲ್ಲ!

ಮಾವ ಬೇರೆ ಲೆಕ್ಕ ಹಾಕಿದ್ದರು. ಯಜಮಾನರ ಕಿವಿಯ ಬಳಿ ಬಾಗಿ, ಇಡೀ ಪಡಸಾಲೆಗೆ ಕೇಳುವಷ್ಟು ಮೆಲ್ಲಗೆ ಹೇಳಿದರು: “ಮಾರಿ ನೋಡಿ ಮಾತಾಡವಲ್ರು. ಇವ್ರು ಏನೋ ಮುಚ್ಚಿಡಾಕತ್ತಾರ. ಇವ್ರಕಿಂತ ಆ ದಡ್ಡಿ ಎಮ್ಮಿನ ಬೇಕಾಗಿತ್ತು.”

ಸಂಬಂಧ ಎಮ್ಮೆಯ ಹೆಸರೆತ್ತುವ ಹಂತಕ್ಕೆ ಬಂತೆಂದರೆ ಮುಂದೆ ಮಾವ ಚಪ್ಪಲಿ ಹುಡುಕುವುದೊಂದೇ ಬಾಕಿ. ಮೇಲವಂಕಿಯಲ್ಲಿ ಫೋನು ಹಿಡಿದು ಕೂತಿದ್ದ ಮೇಘಾಳ ಮುಖ ಕಣ್ಣ ಮುಂದೆ ಬಂತು. ನೀರು ತುಂಬಿದ ಕಣ್ಣಿನಲ್ಲಿ ಅವಳೂ ಮಸುಕಾಗಿಯೇ ಬಂದಳು.

ರವೆಯ ಸಿರಾ ಬಂತು, ಚಾ ಬಂತು. ಅತ್ತೆಯ ಕನ್ನಡಕದ ಕೆಳಗಿನಿಂದ ನೀರು ಇಳಿದು ಸಿರಾದ ತಟ್ಟೆಗೆ ಬಿತ್ತು. ದ್ರಾಕ್ಷಾಯಿಣಿ ಕ್ಯಾಲೆಂಡರಿನ ಕಡೆ ತಿರುಗಿ, “ಯಾಕ್ರಿ, ಮಗಳನ್ನ ಕಳಸೂದಂತ ಈಗಿಂದನ ಅಳಾಕತ್ತೀರೇನ್ರಿ?” ಎಂದರು.

“ತಾಯಿ ಕರಳ ನೋಡ್ರಿ” ಎಂದರು ಅತ್ತೆ. ಮುಂಜಾನೆ ಹೊರಡುವಾಗ ಅದೇ ಮಗಳಿಗೆ ಹಾಲು ಉಕ್ಕಿಸಿದ್ದಕ್ಕಾಗಿ ಇಡೀ ಓಣಿಗೆ ಕೇಳುವಂತೆ ಬೈದಿದ್ದ ಕರುಳದು.

ಅಷ್ಟರಲ್ಲಿ ಹಿತ್ತಿಲ ಬಾಗಿಲಿಂದ ಹುಡುಗನ ಅಜ್ಜಿ ಸೀತವ್ವ ಬಂದರು. ಕುರಿಯ ಉಣ್ಣೆ ಕತ್ತರಿಸುತ್ತಿದ್ದವರು ದೊಡ್ಡ ಕತ್ತರಿಯೊಂದಿಗೇ ಒಳಗೆ ಬಂದಿದ್ದರು. ನಮ್ಮ ಸಾಲನ್ನೊಮ್ಮೆ ನೋಡಿದರು. ಮನೆಯವರೆಲ್ಲ ಮರ್ಯಾದೆಗಾಗಿ ನುಂಗಿಕೊಂಡಿದ್ದ ಮಾತು ಅವರ ಬಾಯಿಂದ ದಪ್ಪನೆ ಹೊರಬಿತ್ತು.

“ಅಯ್ಯ ನಿಮ್ಮ! ಕಣ್ಣ ಬಂದ ಮಂದಿನ್ನ ಕುಂಡ್ರಿಸಿ ಸಿರಾ ತಿನ್ನಸಾಕತ್ತೀರಿ? ಔಷಧ ಯಾರ ಹಾಕಾವ್ರ?”

ಆಗ ನನಗೆ ಎಲ್ಲ ತಿಳಿಯಿತು! ನಮ್ಮ ಕಡೆ ಕಪ್ಪು ಕನ್ನಡಕ ಹಾಕುವವರು ಎರಡೇ ಬಗೆ. ಪೊರೆಯ ಆಪರೇಷನ್ ಆದವರು, ಇಲ್ಲವೆ ಕಣ್ಣು ಬಂದವರು. ಕಣ್ಣು ಬರುವುದೆಂದರೆ ಕೆಂಪಾಗಿ, ಸೋರಿ, ಮನೆಮಂದಿಗೆಲ್ಲ ಹರಡುವ ಬೇನೆ. ಬೇನೆಯವರ ಕಣ್ಣಿಗೆ ಕಣ್ಣು ಕೊಟ್ಟರೆ ತಮಗೂ ಅಂಟುತ್ತದೆ ಎಂಬುದು ಊರಿನ ನಂಬಿಕೆ. ಮರ್ಯಾದೆ, ಸಂಕೋಚ ಎಂದು ನಾನು ಉಬ್ಬಿದ್ದೆಲ್ಲ ಶುದ್ಧ ಪ್ರಾಣಭಯ!

“ಆಯಿ, ಇದು ಬ್ಯಾನಿ ಅಲ್ಲರಿ! ಬಿಸಿಲಿಗೆ ಹಾಕ್ಕೊಂಡೇವಿ!”

“ಪಡಸಾಲ್ಯಾಗ ಯಾವ ಬಿಸಲ ಐತಿ ತಂಗಿ?”

ಬಿ.ಎಸ್ಸಿ.ಯಲ್ಲಿ ಈ ಪ್ರಶ್ನೆಗೆ ಉತ್ತರ ಕಲಿಸಿರಲಿಲ್ಲ.

“ಚೀಟಿ ಬ್ಯಾರೆ ಹಚ್ಚಿ ಕಳಿಸ್ಯಾರ ದವಾಖಾನ್ಯಾಗ” ಎಂದು ಅಜ್ಜಿ ನನ್ನ ಎಡಗಾಜನ್ನು ಬೆರಳಿಂದ ಟಕಟಕ ಬಡಿದರು. “ತಗಿ, ನೋಡೂನು.”

ತೆಗೆದೆ. ಯಜಮಾನರು ತೆಗೆದರು. ಅತ್ತೆ ಮನಸ್ಸಿಲ್ಲದ ಮನಸ್ಸಿನಿಂದ ತೆಗೆದರು. ಮಾವನ ಗಂಟನ್ನು ಅಜ್ಜಿ ಉಣ್ಣೆ ಕತ್ತರಿಯಿಂದ ಕಚಕ್ಕೆಂದು ಕತ್ತರಿಸಿದರು. ನಾಲ್ಕು ಜೊತೆ ಕೆಂಪು ಕಣ್ಣುಗಳು ನೀರು ಸುರಿಸುತ್ತ ಬೀಗರ ಕಡೆ ನೋಡಿದವು. ಪರಪ್ಪನವರು ಗೋಡೆಗೆ ತಿರುಗಿ ನಿಂತೇಬಿಟ್ಟರು!

“ಇದು ಮುಖಕ್ಕ ಹಚ್ಚಿದ ಮುಲಾಮರಿ ಆಯಿ” ಎಂದು ಕೊನೆಯ ಅಸ್ತ್ರ ಬಿಟ್ಟೆ.

“ಹೂಂ ಮತ್ತ! ಬ್ಯಾನಿ ಇಲ್ಲದ ಯಾರರ ಕಣ್ಣಿಗೆ ಮುಲಾಮ ಹಚ್ಚತಾರೇನ?”

ಅಸ್ತ್ರ ತಿರುಗಿ ನನಗೇ ಬಡಿಯಿತು.

ಅಜ್ಜಿ ಯಜಮಾನರ ಗದ್ದ ಹಿಡಿದು, ಕುರಿಗೆ ಮಾಡುವಂತೆ ಕೆಳಗಿನ ರೆಪ್ಪೆಯನ್ನು ಜಗ್ಗಿ ಒಳಗೆ ಇಣುಕಿದರು. ಮುಂದೆ ಹಲ್ಲನ್ನೂ ನೋಡುತ್ತಾರೆಂದು ತಿಳಿದು ಅವರು ತಾವಾಗಿಯೇ ಬಾಯಿ ತೆರೆದರು.

“ಬಾಯಿ ಮುಚ್ಚೋ ತಮ್ಮಾ, ಮಾರಾಕ ಬಂದೀಯೇನ?”

ಪರಪ್ಪನವರು ಗೋಡೆಗೆ ಹೇಳಿದರು: “ಬೀಗರ, ಮಾತುಕತಿ ಇನ್ನೊಂದ ದಿನಾ ಇಟ್ಕೊಳ್ಳೂನೇನ್ರಿ? ಮನಿಮಂದಿಗೆಲ್ಲ ಕಣ್ಣಿಂದ ಹಿಂಗ ಅಂದ್ರ, ಇದು ಮನಿತನದ ಬ್ಯಾನಿನೋ ಏನೋ…” ಮಾವ ಚಪ್ಪಲಿಯ ಕಡೆ ತಿರುಗಿದರು. ಎರಡೂ ಕಡೆಯಿಂದ ಸಂಬಂಧ ಹರಿಯುವ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

“ಇನ್ನೊಂದ ದಿನಾ ಯಾಕ? ಬಂದಾರ, ಆರಾಮ ಮಾಡಿ ಕಳಸೂನು” ಎಂದರು ಅಜ್ಜಿ. “ದುಂಡ್ಯಾ! ಆಡ ಹಿಂಡ್ಕೊಂಡ ಬಾ!”

ಹೀಗೆ, ಬೀಗರ ಮನೆ ನೋಡಲು ಹೋದ ನಾವು ನಾಲ್ವರು ಬೀಗರ ಪಡಸಾಲೆಯಲ್ಲಿ ಸಾಲಾಗಿ ಅಂಗಾತ ಮಲಗಿದೆವು. ಕಣ್ಣಿನ ಮೇಲೆ ಆಡಿನ ಹಾಲಿನಲ್ಲಿ ಅದ್ದಿದ ಮೆತ್ತನೆಯ ಅರಿವೆ. ವಿಜ್ಞಾನದ ವಿದ್ಯಾರ್ಥಿನಿಯಾಗಿ ನಾನು, “ಹಾಲ ಕುದಿಸೀರೇನ್ರಿ?” ಎಂದು ಕ್ಷೀಣವಾಗಿ ಕೇಳಿದೆ.

“ಕುದಿಸಿ ಆರಿಸೇನಿ. ಬಾಯಿ ಮುಚ್ಕೊಂಡ ಮಕ್ಕೋ ತಂಗಿ.”

ಆಗಲೇ ಎದೆಯ ಮೇಲಿದ್ದ ಫೋನು ಬಡಿದುಕೊಂಡಿತು. ಮೇಘಾ.

“ವೈನಿ, ಮನಿ ಹೆಂಗೈತಿ?”

“ಕತ್ತಲ ಐತಿ” ಎಂದೆ.

“ಕತ್ತಲಾ? ಕಿಡಕಿ ಇಲ್ಲೇನ? ಅಪ್ಪಾ ಏನ ನೋಡಾಕತ್ತಾನ?”

“ಏನೂ ನೋಡವಲ್ರು. ಮಕ್ಕೊಂಡಾರ.”

“ಮನಿ ನೋಡಾಕ ಹೋಗಿ ಮಕ್ಕೊಂಡಾರ? ಅವ್ವಾ?”

“ಅವರೂ ಮಕ್ಕೊಂಡಾರ. ಎಲ್ಲಾರೂ ಮಕ್ಕೊಂಡೇವಿ. ನೀ ಚಿಂತಿ ಮಾಡಬ್ಯಾಡ” ಎಂದು ಸಮಾಧಾನ ಮಾಡಿ ಫೋನಿಟ್ಟೆ.

ಪಡಸಾಲೆ ಬರಿದಾಗಿತ್ತು. ಬೇನೆ ಅಂಟೀತೆಂದು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದ್ದರು. ಹಿತ್ತಿಲಲ್ಲಿ ಮರಿಯೊಂದು ತಾಯಿಯನ್ನು ಕರೆಯುತ್ತಿತ್ತು. ಮಣ್ಣಿನ ಗೋಡೆಯ ತಂಪು ಮೆಲ್ಲಗೆ ಮೈಗೆ ಬರುತ್ತಿತ್ತು. ಆ ಮೌನದಲ್ಲಿ ಒಂದು ಹೆಜ್ಜೆಸದ್ದು ಮಾತ್ರ ನಮ್ಮ ನಡುವೆ ಓಡಾಡುತ್ತಿತ್ತು. ಯಾರೋ ಒಣಗಿದ ಅರಿವೆ ತೆಗೆದು, ಹಿಂಡಿ, ಹೊಸದಾಗಿ ಅದ್ದಿ ಇಡುತ್ತಿದ್ದರು.

ಮಾವ ಆ ಕೈಯನ್ನು ಹಿಡಿದರು. “ಈ ಕೈ ಯಾರದ?”

“ನಂದ್ರಿ ಮಾಮಾರ. ದುಂಡೇಶ.”

“ಎಲ್ಲಾರೂ ದೂರ ಹ್ವಾದ್ರು. ನಿನಗ ಹತ್ತೂದಿಲ್ಲೇನ?”

“ಹತ್ತಿದ್ರ ಹತ್ತಲೇಳ್ರಿ. ಎರಡ ದಿನಾ ಅಂಗಡಿ ಬಂದ್ ಇಟ್ರಾತು.”

ಮಾವ ಆ ಕೈಯನ್ನು ಬಿಡಲಿಲ್ಲ. ಆಮೇಲೆ ಹೇಳಿದರು: “ಪ್ರಭೂ, ಮನಿ ನೋಡಿದ್ದ ಆತು.”

ಪಕ್ಕದ ಅರಿವೆಯ ಕೆಳಗಿಂದ ಯಜಮಾನರ ದನಿ ಬಂತು. “ಎಲ್ಲಿ ನೋಡಿದ್ವಿ ಅಪ್ಪಾ?”

“ನಾ ನೋಡೇನಿ. ನೀ ಮಕ್ಕೋ.”

ತಾಸಿನ ಮೇಲೆ ಎದ್ದಾಗ ಕಣ್ಣುಗಳು ತಿಳಿಯಾಗಿದ್ದವು. ಸನ್‌ಸ್ಕ್ರೀನ್ ತೊಳೆದುಹೋದರೆ ಕಣ್ಣು ತಿಳಿಯಾಗದೆ ಏನು! ಆದರೆ ಬಾಗೇವಾಡಿಯಲ್ಲಿ ಅದು ಆಡಿನ ಹಾಲಿನ ಪವಾಡವಾಯಿತು. ಇಷ್ಟು ಬೇಗ ಬಿಟ್ಟುಹೋಗುವ ಬೇನೆ ಮನೆತನದ್ದಾಗಿರಲು ಸಾಧ್ಯವಿಲ್ಲವೆಂದು ಪರಪ್ಪನವರೂ ಗೋಡೆ ಬಿಟ್ಟು ಈ ಕಡೆ ತಿರುಗಿದರು. ಬಾವಿ ನೋಡದೆ, ಹೊಲ ನೋಡದೆ, ಎಮ್ಮೆಯ ಮುಖ ಯಾವ ಕಡೆಗಿದೆ ಎಂದೂ ನೋಡದೆ ಮಾವ ಸಂಬಂಧ ಒಪ್ಪಿ ಸಕ್ಕರೆ ಹಂಚಿಸಿಬಿಟ್ಟರು. ಹೊರಗೆ ಬರುವಾಗ ನಾನು ಕಳ್ಳನೋಟದಿಂದ ಗಡಿಯಾರ ನೋಡಿದೆ. ನಿಂತೇ ಹೋಗಿತ್ತು!

ವಾಹನದಲ್ಲಿ ಮಾವ ನನ್ನನ್ನು ಹತ್ತಿರ ಕರೆದರು. “ಆ ಮುಲಾಮಿನ ಖರೆ ಸುದ್ದಿ ಯಾರ ಮುಂದೂ ಹೇಳಬ್ಯಾಡ. ಆ ಮುದುಕಿ ಬ್ಯಾನಿ ಕಳದೇನಂತ ಸಂತೋಷ ಆಗ್ಯಾಳ. ಇನ್ನ ಮ್ಯಾಲ ನಮಗ ಕಣ್ಣ ಬಂದಿದ್ದು ಖರೆ. ತಿಳೀತಿಲ್ಲೋ?”

ತಿಳಿಯಿತು. ಅತಿನೇರಳೆ ಕಿರಣದ ಪಂಡಿತೆ ಅಂದಿನಿಂದ ಊರಲ್ಲೆಲ್ಲ ಕಣ್ಣುಬೇನೆಯಿಂದ ಎದ್ದವಳಾದಳು.

ನಿಶ್ಚಯದ ದಿನ ಬಂತು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಬಾಗೇವಾಡಿಯವರ ಕ್ರೂಸರ್ ನಮ್ಮ ಅಂಗಳದಲ್ಲಿ ನಿಂತಿತು. ಬಾಗಿಲು ತೆರೆಯಿತು. ಪರಪ್ಪನವರು ಇಳಿದರು, ಕಪ್ಪು ಕನ್ನಡಕ! ದ್ರಾಕ್ಷಾಯಿಣಿ ಇಳಿದರು, ಕಪ್ಪು ಕನ್ನಡಕ! ಹಿಂದಿಂದ ಇಳಿದವರೆಲ್ಲರಿಗೂ ಕಪ್ಪು ಕನ್ನಡಕ! ನಮ್ಮ ಮನೆಯ ಬೇನೆ ತಮಗೆ ಅಂಟದಿರಲೆಂದು ಕಣ್ಣಿಗೆ ಕಾವಲು ಹಾಕಿಕೊಂಡು ಬಂದಿದ್ದರು. ಒಬ್ಬರೂ ಎಡಗಾಜಿನ ಚೀಟಿ ಕಿತ್ತಿರಲಿಲ್ಲ. ಬರಿಗಣ್ಣಿನಲ್ಲಿ ಬಂದವನು ದುಂಡೇಶ ಒಬ್ಬನೇ. ಅವನ ಕಣ್ಣು ಬಾಗಿಲ ಹಿಂದೆ ಯಾರನ್ನೋ ಹುಡುಕುತ್ತಿತ್ತು. ಬಾಗಿಲ ಹಿಂದೆ ಬಳೆ ಸದ್ದಾಯಿತು.

ಸೀತವ್ವಜ್ಜಿ ಕೋಲೂರುತ್ತ ಬಂದು ನನ್ನ ಗದ್ದ ಹಿಡಿದೆತ್ತಿ, ರೆಪ್ಪೆ ಜಗ್ಗಿ ನೋಡಿದರು. “ಈಗ ಚೊಲೋ ಅದಾವು” ಎಂದು ಪ್ರಮಾಣಪತ್ರ ಕೊಟ್ಟು ಜಗಲಿಯ ಮೇಲೆ ಕೂತರು. ಆಮೇಲೆ ಕನ್ನಡಕ ತೆಗೆದು, ಸೆರಗಿನಿಂದ ಗಾಜು ಒರೆಸುತ್ತ, ದೊಡ್ಡ ಗುಟ್ಟು ಹೇಳುವವರಂತೆ ದನಿ ತಗ್ಗಿಸಿದರು:

“ತಂಗಿ, ಒಂದ ಮಾತ ಹೇಳತೇನಿ ಕೇಳ. ಬ್ಯಾನಿಗಂತ ಹಾಕ್ಕೊಂಡ ಬಂದ್ರ, ದಾರಿ ತುಂಬ ಬಿಸಲ ಕಣ್ಣಿಗೆ ಬಡೀಲೇ ಇಲ್ಲ! ಗಡಿಗ್ಯಾಗಿನ ನೀರಿನಂಗ ತಣ್ಣಗಿದ್ವು ನೋಡ ಕಣ್ಣ. ಇದನ್ನ ಬಿಸಲಾಗ ಹಾಕ್ಕೋಬೇಕ. ನೀವು ಸಾಲಿ ಕಲಿತಾವ್ರು, ಪಡಸಾಲ್ಯಾಗ ಹಾಕ್ಕೊಂಡ ಕುಂಡ್ರತೀರಿ!”

ಸ್ಟೀಲ್ ಡಬ್ಬಿ ಗೆದ್ದ ಭಾಷಣವಿಡೀ ನನ್ನ ಗಂಟಲಲ್ಲಿ ಬಂದು ನಿಂತಿತು. ಬಾಯಿ ತೆರೆದೆ. ಮಾವ ಜೋರಾಗಿ ಕೆಮ್ಮಿದರು. ಬಾಯಿ ಮುಚ್ಚಿದೆ.

“ಖರೆ ಐತಿ ಆಯಿ” ಎಂದರು ಮಾವ, ನನ್ನ ಕಡೆ ನೋಡದೆ. “ನಮ್ಮ ಮನ್ಯಾಗ ಇಷ್ಟ ದಿನಾ ಇದನ್ನ ತಿಳಿಸಿ ಹೇಳಾವ್ರ ಒಬ್ಬರೂ ಇರಲಿಲ್ಲ ನೋಡ್ರಿ.”